ಎಣಿಕೆ

ಇಪ್ಪತ್ತೆರಡರವರೆಗೆ ಎಣಿಸಿದ್ದೇನೆ ಒಮ್ಮೆ.
ಗೊರಕೆಗೆ ಹೆದರಿದವಳಲ್ಲ ನಾನು,
ಗೊರಕೆ ನಿಂತ ಮೇಲಿನ ಆ ಬಾವಿಗೆ ಹೆದರಿದವಳು:
ಕಲ್ಲು ಬಿದ್ದಿದೆ, ನೀರಿನ ಸದ್ದು ಇನ್ನೂ ಕೇಳಿಲ್ಲ,
ಹದಿನೆಂಟು, ಹತ್ತೊಂಬತ್ತು,
ಆಮೇಲೆ ಮುಳುಗಿದವನು ಮೇಲೆದ್ದಂತೆ ಒಂದೇ ಸಲ
ಕೋಣೆಯ ಗಾಳಿಯನ್ನೆಲ್ಲ ಎಳೆದುಕೊಳ್ಳುವನು ಇಲ್ಪೊ.
ಹಗಲೆಲ್ಲ ದಿಮ್ಮಿ ಸಾಗಿಸಿ ಬಂದವನು
ರಾತ್ರಿ ಅವನ್ನೇ ಕೊಯ್ಯುತ್ತಾನೆ ಎಂದು
ಶಾಲೆಯ ಅಡುಗೆಮನೆಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ.

ಇನ್ನೊಂದನ್ನು ಹೇಳುತ್ತಿರಲಿಲ್ಲ.

ಕೂಸಾಮೊದ ಚಳಿಗಾಲದಲ್ಲಿ
ಮಧ್ಯಾಹ್ನ ಎರಡಕ್ಕೇ ದೀಪ ಹಚ್ಚಬೇಕು,
ಹಾಸಿಗೆಯೆಂದರೆ ಇಲ್ಲಿ ಅರ್ಧ ಬದುಕು.
ಆ ಅರ್ಧದಲ್ಲಿ ನಾಲ್ಕು ವರ್ಷದಿಂದ
ಅವನು ಗೋಡೆಯ ಕಡೆ, ನಾನು ಕಿಟಕಿಯ ಕಡೆ.
ಮೊದಮೊದಲು ಅವನ ಕೈ ಬರುತ್ತಿತ್ತು,
ಬಂದ ಕೆಲಸ ಮರೆತವನ ಹಾಗೆ ಅರ್ಧದಲ್ಲೇ ನಿಲ್ಲುತ್ತಿತ್ತು,
ಮೈ ಜೊತೆಗೆ ಬರುತ್ತಿರಲಿಲ್ಲ.
ದಣಿವು, ಎಂದ ಒಂದು ಸಲ.
ವಯಸ್ಸು, ಎಂದ ಇನ್ನೊಂದು ಸಲ, ಐವತ್ತೊಂದಕ್ಕೇ.
ಆಮೇಲೆ ಕೈಯೂ ಬರಲಿಲ್ಲ.
ನಾನು ಕನ್ನಡಿಯಲ್ಲಿ ನನ್ನ ಹೊಟ್ಟೆ ನೋಡಿಕೊಂಡೆ,
ಹೊಲಿಗೆ ಯಂತ್ರದ ಕೋಣೆಗೆ ದಿಂಬು ಒಯ್ದೆ.
ಗೊರಕೆ, ಎಂದೆ.
ಇಬ್ಬರಿಗೂ ಬೇಕಾಗಿದ್ದ ಸುಳ್ಳು.

ಮಾರ್ಚಿಯಲ್ಲಿ ಲಾರಿ ದಾರಿ ಬಿಟ್ಟು
ಹಿಮಸಾರಂಗದ ಬೇಲಿಗೆ ನುಗ್ಗಿತು.
ಬೇಲಿಯ ಒಡೆಯ ಬಾಗಿಲು ತೆರೆದಾಗ
ಸ್ಟಿಯರಿಂಗ್ ತಬ್ಬಿಕೊಂಡು ಇನ್ನೂ ಮಲಗಿದ್ದನಂತೆ.

ಡಾಕ್ಟರು ನಮ್ಮ ಮಗಳಷ್ಟು ಚಿಕ್ಕವಳು.
ಗಂಟೆಗೆ ನಲವತ್ತೊಂದು ಸಲ ಉಸಿರು ಕಟ್ಟುತ್ತದೆ, ಎಂದಳು,
ಮಗ್ಗಿ ಒಪ್ಪಿಸುವ ಹಾಗೆ. ಅದೇ ದನಿಯಲ್ಲಿ ಕೇಳಿದಳು:
ಹಾಸಿಗೆಯಲ್ಲಿ ಹೇಗಿದ್ದೀರಿ, ಇಬ್ಬರೂ?
ಇಲ್ಪೊ ಬೂಟಿನ ದಾರ ನೋಡಿದ.
ಇಲ್ಲ, ಎಂದೆ ನಾನು. ಏನೂ ಇಲ್ಲ.
ಅವಳಿಗೆ ಆಶ್ಚರ್ಯವಾಗಲಿಲ್ಲ.
ರಾತ್ರಿಯಿಡೀ ಪ್ರಾಣ ಹಿಡಿದುಕೊಳ್ಳುವುದೇ ಕೆಲಸವಾದ ಮೈಗೆ
ಬೇರೆಯದಕ್ಕೆ ಪುರುಸೊತ್ತೆಲ್ಲಿ, ಎಂದಳು.
ಸರಿಹೋಗುತ್ತದೆ ಅಂತ ಮಾತು ಕೊಡಲಾರೆ,
ಹಲವರಿಗೆ ಹೋಗಿದೆ.
ಕಾರಿನಲ್ಲಿ ಎಪ್ಪತ್ತು ಕಿಲೋಮೀಟರಾದ ಮೇಲೆ ಇಲ್ಪೊ ಕೇಳಿದ:
ನಾನು ಕೆಲಸಕ್ಕೆ ಬಾರದವನು ಅಂತ
ನೀನು ಕೋಣೆ ಬಿಟ್ಟದ್ದಲ್ಲವಾ?

ಯಂತ್ರ ಬಂತು, ಬ್ರೆಡ್ಡಿನ ಡಬ್ಬಿಯಷ್ಟು.
ಮುಖವಾಡ, ಪಟ್ಟಿ, ಮೂಗಿನಿಂದ ಇಳಿಬಿದ್ದ ಕೊಳವೆ.
ಗಣಪನನ್ನು ಕಂಡವರಲ್ಲ ನಾವು, ಆದರೂ
ಆನೆ ಬಂತು ಆನೆ, ಎಂದು ನಕ್ಕೆ.
ಅವನು ನಗಲಿಲ್ಲ.
ಮೊದಲ ವಾರ ನಡುರಾತ್ರಿ ಕಿತ್ತೆಸೆದ,
ಎರಡನೆಯ ವಾರ ಬೈದ,
ಮೂರನೆಯ ವಾರ ಎಂಟು ಗಂಟೆ ಮಲಗಿ ಎದ್ದು
ಕೆನ್ನೆಯ ಮೇಲೆ ಪಟ್ಟಿಯ ಗುರುತು ಹೊತ್ತು
ಅಡುಗೆಮನೆಯಲ್ಲಿ ಸುಮ್ಮನೆ ನಿಂತ.
ಕನಸು ಬಿತ್ತು, ಎಂದ.
ಏನು ಕನಸು?
ಏನೋ ದೋಣಿ. ಆದರೆ ಬಿತ್ತು.

ಮೊದಲು ಮರಳಿದ್ದು ಅದಲ್ಲ.
ಪದಬಂಧ ಪೂರ್ತಿ ತುಂಬಿಸಿದ.
ಸೌನಾದ ಹಲಗೆಗೆ ಹೊಸ ಮೊಳೆ ಹೊಡೆದ.
ಜಗಳವಾಡಿದ, ಕೊನೆಯವರೆಗೂ.
ಜೂನಿನಲ್ಲಿ, ಕತ್ತಲೆಯೇ ಇಲ್ಲದ ಒಂದು ಬೆಳಗಿನಲ್ಲಿ,
ದಿಂಬು ಹೊತ್ತು ಮರಳಿ ಬಂದಿದ್ದೆ ಅಷ್ಟರಲ್ಲಿ,
ಅವನ ಮೈ ಅವನಿಗಿಂತ ಮೊದಲು ಎದ್ದಿತ್ತು.
ಕಣ್ಣು ಬಿಟ್ಟು ತಾನೇ ನೋಡಿಕೊಂಡ,
ಕಳೆದುಹೋದ ಎತ್ತು ಕೊಟ್ಟಿಗೆಗೆ ಬಂದು ನಿಂತಂತೆ.
ತುಯ್ಯಾ, ಎಂದ ಮುಖವಾಡದೊಳಗಿಂದ,
ಕೇಳಿಸಿದ್ದು ಬರೀ ಗಾಳಿ.

ಪಟ್ಟಿ ಬಿಚ್ಚಲು ನಾನೇ ನೆರವಾದೆ.
ಅವತ್ತು ಆಯಿತು. ಮುಂದಿನ ಸಲ ಆಗಲಿಲ್ಲ.
ಅದರ ಮುಂದಿನ ಸಲ ನಕ್ಕು ನಕ್ಕು ಅರ್ಧಕ್ಕೆ ಬಿಟ್ಟೆವು,
ಅದೂ ಒಂದು ಲೆಕ್ಕ.
ಈಗ ಕೈ ಬರುತ್ತದೆ. ದಾರಿ ಮರೆಯುವುದಿಲ್ಲ.

ಸೌನಾದಲ್ಲಿ, ಬಿಸಿ ಕಲ್ಲಿಗೆ ನೀರು ಹೊಯ್ಯುತ್ತಾ,
ನೆರೆಮನೆಯ ರೌನೊಗೆ ಹೇಳಿದನಂತೆ,
ಅವನೂ ಹೆಂಡತಿಗೆ ಬೇರೆ ಕೋಣೆ ಮಾಡಿಕೊಟ್ಟವನೇ.
ರೌನೊ ಏನೂ ಅನ್ನಲಿಲ್ಲ.
ಇನ್ನೊಂದು ಸೌಟು ನೀರು ಹೊಯ್ದ.

ನಾನಿನ್ನೂ ಎಚ್ಚರಾಗುತ್ತೇನೆ, ಸದ್ದಿಲ್ಲದ್ದಕ್ಕೇ.
ಅವನ ಪಕ್ಕೆಯ ಮೇಲೆ ಕೈಯಿಡುತ್ತೇನೆ,
ಒಂದು, ಎರಡು,
ಮೂರಕ್ಕೆ ಮುಂಚೆ ಏರುತ್ತದೆ.